ನಿಂತಾಗ ತಣ್ಣಗಾಗದ ಎಸಿ: ಗೇಜ್ ಹೇಳಿದ್ದು, ನೀರು ತೋರಿಸಿದ್ದು

ಓಡುವಾಗ ಚೆನ್ನಾಗಿಯೇ ತಂಪು ಕೊಡುವ ಎಸಿ, ಸಿಗ್ನಲ್‌ನಲ್ಲಿ ನಿಂತ ಎರಡೇ ನಿಮಿಷಕ್ಕೆ ಉಗುರುಬೆಚ್ಚಗಿನ ಗಾಳಿ ಬಿಡುತ್ತದೆ ಎಂಬ ದೂರಿನೊಂದಿಗೆ ಒಂದು ಕಾರು ನನ್ನ ಬಳಿ ಬಂದಿತ್ತು. ಅಷ್ಟರಲ್ಲಿ ಬೇರೆಡೆ ಎರಡು ಸಲ ಗ್ಯಾಸ್ ತುಂಬಿಸಿಯಾಗಿತ್ತು. ತುಂಬಿಸಿದ ಮೇಲೆ ತೊಂದರೆ ಹೆಚ್ಚಾಯಿತೆಂದು ಮಾಲೀಕರು ಹೇಳಿದಾಗಲೇ ನನ್ನ ಅನುಮಾನ ಕಂಡೆನ್ಸರ್ ಕಡೆ, ಅಂದರೆ ಕಾರಿನ ಮುಂಭಾಗದಲ್ಲಿದ್ದು ಗ್ಯಾಸಿನ ಶಾಖವನ್ನು ಹೊರಗಾಳಿಗೆ ಬಿಡುವ ಜಾಲರಿಯ ಕಡೆ ಹೊರಳಿತು.

ಎಸಿ ಮಾಡುವ ಕೆಲಸವೆಂದರೆ ಕಾರಿನೊಳಗಿನ ಶಾಖವನ್ನು ಹೊತ್ತೊಯ್ದು ಹೊರಗೆ ಹಾಕುವುದು. ಈ ಕಾರಿನಲ್ಲಿ ಅದನ್ನು ಹೊರುವುದು ಆರ್-134ಎ ಎಂಬ ಗ್ಯಾಸ್. ವಾತಾವರಣದ ಒತ್ತಡದಲ್ಲಿ ಅದು ಮೈನಸ್ 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಒತ್ತಡ ಸುಮಾರು 30 ಪಿಎಸ್‌ಐ (ಟೈರ್ ಗಾಳಿಯನ್ನು ಅಳೆಯುವ ಅದೇ ಮಾನ) ಇದ್ದರೆ ಅದು ಸೊನ್ನೆಗಿಂತ ತುಸು ಮೇಲೆ ಕುದಿಯುತ್ತದೆ, ಕುದಿಯಲು ಬೇಕಾದ ಶಾಖವನ್ನು ಬ್ಲೋವರ್ ದೂಡುವ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಹೀರಿಕೊಂಡು 200 ಪಿಎಸ್‌ಐ ಆಸುಪಾಸಿಗೆ ಒತ್ತಿದಾಗ ಅದು ಕಂಡೆನ್ಸರ್‌ನಲ್ಲಿ ಸುಮಾರು 55 ಡಿಗ್ರಿಯಲ್ಲೇ ದ್ರವವಾಗುತ್ತದೆ. ಹೊರಗೆ 35 ಡಿಗ್ರಿ ಬಿಸಿಲಿದ್ದರೂ ಆ ಗಾಳಿ ಕಂಡೆನ್ಸರ್‌ಗಿಂತ ತಣ್ಣಗಿರುವುದರಿಂದ ಶಾಖ ಹೊರಗೆ ಹರಿಯುತ್ತದೆ. ಬಳಿಕ ದ್ರವವು ತೇವ ಹೀರುವ ಡ್ರೈಯರ್ ದಾಟಿ, ಎಕ್ಸ್‌ಪಾನ್ಶನ್ ವಾಲ್ವ್‌ನ ಸಣ್ಣ ಕಂಡಿಯಲ್ಲಿ ಒತ್ತಡ ಕಳೆದುಕೊಂಡು ಮತ್ತೆ ಕಾಯಿಲ್‌ಗೆ ಬರುತ್ತದೆ.

ಎಂಜಿನ್ ಐಡಲ್‌ನಲ್ಲಿಟ್ಟು ಗೇಜ್ ಕಟ್ಟಿದೆ. ಹೈ ಸೈಡ್ (ಕಂಪ್ರೆಸರ್ ಒತ್ತಿ ಕಳಿಸುವ ಕಡೆ) ಮುಳ್ಳು 330 ಪಿಎಸ್‌ಐ ದಾಟಿ ಏರುತ್ತಲೇ ಇತ್ತು, ಲೋ ಸೈಡ್ (ಅದು ಹೀರಿಕೊಳ್ಳುವ ಕಡೆ) 60ರಲ್ಲಿತ್ತು, ನಡುವಿನ ವೆಂಟ್‌ನಲ್ಲಿಟ್ಟ ಥರ್ಮಾಮೀಟರ್ 19 ಡಿಗ್ರಿ ತೋರಿಸುತ್ತಿತ್ತು. ಗ್ಯಾಸ್ ಕಡಿಮೆಯಿದ್ದರೆ ಎರಡೂ ಮುಳ್ಳುಗಳು ತಗ್ಗಿರಬೇಕಿತ್ತು. ನೀರಿನ ಪೈಪ್ ಹಿಡಿದು ಕಂಡೆನ್ಸರ್ ಮೇಲೆ ತೆಳ್ಳಗೆ ನೀರು ಬಿಟ್ಟೆ. ನೋಡುತ್ತಿದ್ದಂತೆಯೇ ಹೈ ಸೈಡ್ ಮುಳ್ಳು 220ಕ್ಕೆ ಇಳಿಯಿತು, ವೆಂಟ್ 12ಕ್ಕೆ ಬಂತು. ಕಂಪ್ರೆಸರ್ ಸರಿಯಿದೆ, ಶಾಖಕ್ಕೆ ಹೊರಹೋಗುವ ದಾರಿಯಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಎಸಿ ಕೆಲಸದಲ್ಲಿ ಇಷ್ಟು ಸರಳವೂ ಇಷ್ಟು ನಂಬಿಕಸ್ಥವೂ ಆದ ಪರೀಕ್ಷೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮುಂದಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛವಾಗಿಯೇ ಕಾಣುತ್ತಿತ್ತು. ಬಂಪರ್ ಬಿಚ್ಚಿ, ರೇಡಿಯೇಟರ್‌ನಿಂದ ಅದನ್ನು ತುಸು ಸರಿಸಿ ಟಾರ್ಚ್ ಹಾಯಿಸಿದಾಗ, ಎರಡರ ನಡುವೆ ಧೂಳು, ಕೀಟಗಳ ರೆಕ್ಕೆ, ಒಣ ಎಲೆಯ ಪುಡಿ ಎಲ್ಲವೂ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿದ್ದು ಕಂಡಿತು. ಜೋರು ಒತ್ತಡದ ನೀರಿಗೆ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಳ್ಳುವುದರಿಂದ, ಹಿಂಬದಿಯಿಂದ ಮೆಲ್ಲನೆ ನೀರು ಹಾಯಿಸಿ ತೊಳೆದೆ. ಫ್ಯಾನ್ ಮೋಟಾರ್ ಕೂಡ ಸವೆದು ನಿಧಾನವಾಗಿ ತಿರುಗುತ್ತಿತ್ತು, ಅದನ್ನು ಬದಲಾಯಿಸಿದೆ. ಕಾರು ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತಿದ್ದುದರಿಂದ ಈ ದೋಷ ನಿಂತಾಗ ಮಾತ್ರ ಬಯಲಾಗುತ್ತಿತ್ತು.

ಇನ್ನು ಉಳಿದದ್ದು ಗ್ಯಾಸಿನ ಪ್ರಮಾಣ. ರಿಕವರಿ ಮಷಿನ್ 640 ಗ್ರಾಂ ಹೊರತೆಗೆಯಿತು. ಬಾನೆಟ್ ಕೆಳಗಿನ ಚೀಟಿಯಲ್ಲಿ 480 ಎಂದಿತ್ತು. ಹೆಚ್ಚಾದ ದ್ರವ ಕಂಡೆನ್ಸರ್‌ನ ಕೆಳಭಾಗದಲ್ಲಿ ತುಂಬಿ ನಿಂತು, ಆವಿ ತಣಿಯಬೇಕಾದ ಜಾಗವನ್ನು ತಿಂದುಹಾಕಿತ್ತು. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಆದ್ದರಿಂದ ತೂಕ ನೋಡದೆ ತುಂಬಿಸುವುದನ್ನು ನಾನು ಒಪ್ಪುವುದಿಲ್ಲ. ಹೊರತೆಗೆದದ್ದನ್ನು ಗಾಳಿಗೆ ಬಿಡುವುದನ್ನಂತೂ ಖಂಡಿತ ಒಪ್ಪುವುದಿಲ್ಲ, ಏಕೆಂದರೆ ನೂರು ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಒಳಗಿನ ತೇವ ಆವಿಯಾಗಿ ಹೋಗಲೆಂದು 45 ನಿಮಿಷ ವ್ಯಾಕ್ಯೂಮ್ ಕೊಟ್ಟು, ಪಂಪ್ ನಿಲ್ಲಿಸಿದ ಮೇಲೂ ಮುಳ್ಳು ಕದಲದಿರುವುದನ್ನು ಖಾತ್ರಿಪಡಿಸಿಕೊಂಡು, 480 ಗ್ರಾಂ ತೂಗಿ ತುಂಬಿಸಿದೆ.

ಅದೇ ಐಡಲ್‌ನಲ್ಲಿ 20 ನಿಮಿಷ ಬಿಟ್ಟ ಮೇಲೆ ಹೈ ಸೈಡ್ 205ರಲ್ಲಿ ನಿಂತಿತ್ತು, ವೆಂಟ್ 8 ಡಿಗ್ರಿಗೆ ಇಳಿದಿತ್ತು. ಕಂಪ್ರೆಸರ್‌ಗೆ ಮರಳುವ ದಪ್ಪ ಕೊಳವೆ ಬೆವರಿತ್ತು, ಕಾಯಿಲ್ ಮೇಲೆ ಇಳಿದ ನೀರು ಕಾರಿನಡಿಯ ಸಣ್ಣ ನಳಿಕೆಯಿಂದ ಹನಿಹನಿಯಾಗಿ ಬೀಳುತ್ತಿತ್ತು.