ಎತ್ತರದ ಮಗುವನ್ನು ಬಾಸ್ಕೆಟ್‌ಬಾಲ್‌ಗೆ ಸೇರಿಸ್ತೀರಾ? ಸತ್ನಾಮ್ ಸಿಂಗ್ ಹಾದಿಯನ್ನು ಒಮ್ಮೆ ನೋಡಿ

ಹನ್ನೊಂದು ಹನ್ನೆರಡು ವರ್ಷಕ್ಕೇ ಅಮ್ಮನಿಗಿಂತ ಎತ್ತರ ಬೆಳೆದ ಮಗು ಮನೆಯಲ್ಲಿದ್ದರೆ, "ಬಾಸ್ಕೆಟ್‌ಬಾಲ್‌ಗೆ ಸೇರಿಸಿ" ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ಸೇರಿಸಿ, ಖಂಡಿತ ಸೇರಿಸಿ. ಆದರೆ ಎತ್ತರ ನೋಡಿ ಒಳಗೆ ಕರೆಯುತ್ತಾರೆ, ಉಳಿಸಿಕೊಳ್ಳೋದು ಬೇರೆಯದನ್ನು ನೋಡಿ. ಇದು ಅರ್ಥವಾಗಬೇಕಾದರೆ ಸತ್ನಾಮ್ ಸಿಂಗ್ ಭಮಾರಾ ಅವರ ಬದುಕು ನೋಡಬೇಕು.

ಪಂಜಾಬಿನ ಬಲ್ಲೋ ಕೆ ಅನ್ನೋ ಹಳ್ಳಿಯ ರೈತನ ಮಗ. ಎತ್ತರ 7 ಅಡಿ 2 ಇಂಚು. ಚಿಕ್ಕವರಿದ್ದಾಗಲೇ ಲೂಧಿಯಾನದ ಅಕಾಡೆಮಿ ಸೇರಿದರು, 2010ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕದ ಫ್ಲೋರಿಡಾಗೆ ಹೋದರು. 2015ರಲ್ಲಿ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದ್ರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಲ್ಲಿ, ಡಲ್ಲಾಸ್ ಮಾವೆರಿಕ್ಸ್ ತಂಡ ಅವರನ್ನು 52ನೇ ಆಯ್ಕೆಯಾಗಿ ತೆಗೆದುಕೊಂಡಿತು. ಭಾರತದಲ್ಲಿ ಹುಟ್ಟಿದವರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲಿಗರು ಅವರೇ. ಆದರೂ ಎನ್‌ಬಿಎಯಲ್ಲಿ ಒಂದೇ ಒಂದು ಲೀಗ್ ಪಂದ್ಯ ಆಡಲು ಆಗಲಿಲ್ಲ. ಕೆಳಗಿನ ಲೀಗ್‌ನ ಟೆಕ್ಸಸ್ ಲೆಜೆಂಡ್ಸ್ ತಂಡದಲ್ಲಿ ಎರಡು ಸೀಸನ್ ಇದ್ದರು, ಅಲ್ಲೂ ಹೆಚ್ಚು ಹೊತ್ತು ಬೆಂಚಿನಲ್ಲೇ.

ಯಾಕೆ ಹೀಗಾಯ್ತು? ಅವರು ಕಾಲಿಟ್ಟ ಹೊತ್ತಿಗೆ ಆಟವೇ ಬದಲಾಗುತ್ತಿತ್ತು. ಬುಟ್ಟಿಯ ಕೆಳಗೆ ಬಂಡೆಯ ಹಾಗೆ ನಿಲ್ಲುವ ದೊಡ್ಡ ಆಟಗಾರರ ಬದಲು, ದೂರದಿಂದ ಮೂರು ಪಾಯಿಂಟ್ ಹೊಡೆಯುವ, ಸಣ್ಣ ಗಾರ್ಡ್‌ಗಳ (ಚೆಂಡು ನಡೆಸುವ ಆಟಗಾರರ) ಹಿಂದೆ ಓಡಬಲ್ಲ ದೊಡ್ಡವರು ಬೇಕಾಗಿದ್ದರು. ಸತ್ನಾಮ್ ಚೆಂಡನ್ನು ನಯವಾಗಿ ಹಿಡಿಯುತ್ತಿದ್ದರು, ಶಾಟ್ ಚೆನ್ನಾಗಿತ್ತು. ಕಾಲಿನ ವೇಗ ಸಾಲಲಿಲ್ಲ.

ಅದಕ್ಕೇ ಕೋಚ್ ಹುಡುಕುವಾಗ ಟ್ರೋಫಿ ಎಣಿಸಬೇಡಿ. ಒಂದು ಸಂಜೆ ಕೋರ್ಟ್ ಪಕ್ಕ ಕೂತು ನೋಡಿ. ಎತ್ತರದ ಮಕ್ಕಳನ್ನು ಸುಮ್ನೆ ರಿಂಗ್ ಕೆಳಗೆ ನಿಲ್ಲಿಸಿ ರೀಬೌಂಡ್ (ಬುಟ್ಟಿಗೆ ಬೀಳದೆ ವಾಪಸ್ ಬರುವ ಚೆಂಡು) ಮಾತ್ರ ಹಿಡಿಸುತ್ತಿದ್ದಾರಾ, ಇಲ್ಲಾ ಎಲ್ಲರ ಜೊತೆ ಡ್ರಿಬಲ್, ಪಾಸ್, ಡಿಫೆನ್ಸ್ ಸ್ಲೈಡ್ (ಎದುರಾಳಿಯನ್ನು ತಡೆಯಲು ಪಕ್ಕಕ್ಕೆ ಸರಿಯೋದು) ಕೂಡ ಮಾಡಿಸುತ್ತಿದ್ದಾರಾ? ಎರಡನೆಯದು ಬೇಕು. ಮನೆಯ ಹತ್ತಿರ ಸ್ಕಿಪ್ಪಿಂಗ್ ಮಾಡಿಸಿ. ರಿಂಗ್‌ನ ಎಡಕ್ಕೊಮ್ಮೆ ಬಲಕ್ಕೊಮ್ಮೆ, ಎರಡೂ ಕೈಯಲ್ಲಿ ನಿಲ್ಲದೆ ಲೇಅಪ್ (ಬುಟ್ಟಿಯ ಹತ್ತಿರದಿಂದಲೇ ಚೆಂಡು ಒಳಗೆ ಬಿಡೋದು) ಹಾಕುವ ಮೈಕನ್ ಡ್ರಿಲ್ ದಿನವೂ ಇರಲಿ. ಹನ್ನೆರಡರ ಒಳಗಿನವರಿಗೆ 5ನೇ ಸೈಜಿನ ಚೆಂಡು ಸಾಕು. ಭಾರದ ಚೆಂಡು ಕೊಟ್ಟರೆ ಶಾಟ್ ಹೊಡೆಯುವ ರೀತಿಯೇ ಕೆಡುತ್ತೆ. ಬೇಗ ಎತ್ತರ ಬೆಳೆಯುವ ಮಕ್ಕಳಿಗೆ ಮಂಡಿ ಕೆಳಗೆ ನೋವು ಬರೋದು ಸಾಮಾನ್ಯ, ಸಿಮೆಂಟ್ ಕೋರ್ಟಿನಲ್ಲಿ ಇನ್ನೂ ಜಾಸ್ತಿ. ನೋವು ನುಂಗಿಕೊಂಡು ಆಡು ಅನ್ನಬೇಡಿ, ಡಾಕ್ಟರಿಗೆ ತೋರಿಸಿ.

ಓದು ಬಿಡಿಸಬೇಡಿ. ಸತ್ನಾಮ್ ಅಮೆರಿಕಕ್ಕೆ ಹೋದಾಗ ಇಂಗ್ಲಿಷ್ ಬರುತ್ತಿರಲಿಲ್ಲ. ಕೋಚ್ ಮಾತು ಅರ್ಥವಾಗದೆ ಆಟ ಕಲಿಯೋದು ಎಷ್ಟು ಕಷ್ಟ ಯೋಚಿಸಿ.

ಇನ್ನು ಪೋಷಕರು ಎಲ್ಲಕ್ಕಿಂತ ಗಮನ ಕೊಡಬೇಕಾದ್ದು ಸಪ್ಲಿಮೆಂಟ್ ವಿಷಯಕ್ಕೆ. 2019ರಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ತಯಾರಿ ಶಿಬಿರ ನಮ್ಮ ಬೆಂಗಳೂರಿನಲ್ಲೇ ನಡೆಯುತ್ತಿದ್ದಾಗ ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ನಡೆಸಿದ ಪರೀಕ್ಷೆಯಲ್ಲಿ ಸತ್ನಾಮ್ ಅವರ ಮಾದರಿಯಲ್ಲಿ ಹೈಜೆನಮೈನ್ ಅನ್ನೋ ನಿಷೇಧಿತ ವಸ್ತು ಸಿಕ್ಕಿತು, ಎರಡು ವರ್ಷ ನಿಷೇಧ ಬಿತ್ತು. ತಿಳಿದು ತೆಗೆದುಕೊಂಡಿದ್ದಲ್ಲ ಅಂತ ಅವರು ಹೇಳಿದರು. ಆದರೆ ನಿಯಮ ಹೇಗಿದೆ ಅಂದ್ರೆ, ದೇಹದೊಳಗೆ ಏನು ಸಿಕ್ಕರೂ ಹೊಣೆ ಆಟಗಾರನದ್ದೇ. ಈ ಹೈಜೆನಮೈನ್ ಕೆಲವು ಗಿಡಗಳಲ್ಲೇ ಇರುವ ವಸ್ತು. ಹಾಗಾಗಿ "ಹರ್ಬಲ್", "ನ್ಯಾಚುರಲ್" ಅಂತ ಡಬ್ಬದ ಮೇಲೆ ಬರೆದಿದ್ದರೆ ನೆಮ್ಮದಿ ಪಡಬೇಡಿ. ಜಿಮ್‌ನಲ್ಲಿ ಯಾರೋ ಕೊಟ್ಟ ಪುಡಿ ಬೇಡವೇ ಬೇಡ. ಹಾಲು, ಮೊಟ್ಟೆ, ಬೇಳೆ, ರಾಗಿ ಮುದ್ದೆ ತಿಂದು ಬೆಳೆಯುವ ಮಗುವಿಗೆ ಅದರ ಅಗತ್ಯವೂ ಇಲ್ಲ. ನೆಗಡಿಗೆ ಮಾತ್ರೆ ಬರೆಸಿಕೊಳ್ಳುವಾಗಲೂ ಮಗು ಆಟಗಾರ ಅಂತ ಡಾಕ್ಟರಿಗೆ ಮೊದಲೇ ಹೇಳಿ, ನಾಡಾದ "ನೋ ಯುವರ್ ಮೆಡಿಸಿನ್" ಆ್ಯಪ್‌ನಲ್ಲಿ ಆ ಔಷಧಿ ಹುಡುಕಿ ನೋಡಿ.

ಸತ್ನಾಮ್ ಆಮೇಲೆ ಅಮೆರಿಕದಲ್ಲಿ ವೃತ್ತಿಪರ ಕುಸ್ತಿಗೆ ಹೋದರು. ಎಲ್ಲರಿಗೂ ಅಂಥ ಎರಡನೇ ಬಾಗಿಲು ಸಿಗಲ್ಲ, ಅಲ್ವಾ? ಗೀತು ಅನ್ನಾ ಜೋಸ್ ಅವರನ್ನು ನೋಡಿ. ಕೇರಳದ ಬಾಸ್ಕೆಟ್‌ಬಾಲ್ ಆಟಗಾರ್ತಿ. ದಕ್ಷಿಣ ರೈಲ್ವೆಗೆ ಆಡಿದರು, ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ತಂಡಕ್ಕೂ ಆಡಿದರು, 2011ರಲ್ಲಿ ಅಮೆರಿಕದ ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್‌ಗೂ ಹೋಗಿ ಬಂದರು. ಹೊರದೇಶದ ಕನಸಿಗೆ ಕೈ ಹಾಕಿದಾಗ ಕಾಲ ಕೆಳಗೆ ರೈಲ್ವೆ ಕೆಲಸ ಇತ್ತು. ನನ್ನ ಪ್ರಕಾರ ನಮ್ಮ ಮಕ್ಕಳಿಗೆ ಈ ದಾರಿಯೇ ಸರಿ. ಅದಕ್ಕೆ ಈಗಿನಿಂದಲೇ ಒಂದು ಫೈಲ್ ಇಡಿ. ರಾಜ್ಯ, ರಾಷ್ಟ್ರೀಯ, ಶಾಲಾ, ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದ ಪ್ರತಿ ಟೂರ್ನಿಯ ಪ್ರಮಾಣಪತ್ರವನ್ನು ಆಗಲೇ ಸಹಿ, ಸೀಲು ಸಮೇತ ತೆಗೆದುಕೊಳ್ಳಿ. ಸ್ಪೋರ್ಟ್ಸ್ ಕೋಟಾ ಅರ್ಜಿ ಹಾಕುವಾಗ ಹಳೆಯ ಸಹಿಗಾಗಿ ಅಲೆಯೋದು ತಪ್ಪುತ್ತೆ.