ಹೆಸರು ಬದಲಾದರೂ ಖಾತೆ ಅದೇ

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಊರಿನ ಮಕ್ಕಳು ಒಟ್ಟಿಗೆ ಆಡಲೆಂದು, ಚೌಕಗಳನ್ನು ಜೋಡಿಸಿ ಮನೆ-ತೋಟ ಕಟ್ಟುವ ಆಟವಾದ ಮೈನ್‌ಕ್ರಾಫ್ಟ್‌ನ ಸರ್ವರ್ ನಡೆಸುತ್ತಿದ್ದೇನೆ. ಇತರರು ಕಟ್ಟಿದ್ದನ್ನು ಕೆಡವಿದ್ದಕ್ಕಾಗಿ ನಾನು ಹೊರಗಿಟ್ಟಿದ್ದ ಹುಡುಗನೊಬ್ಬ ಹೆಸರು ಬದಲಿಸಿಕೊಂಡು ಮತ್ತೆ ಒಳಬಂದ. ನಿಷೇಧ ಮತ್ತು ಜಾಗದ ಹಕ್ಕುಗಳನ್ನು ನೋಡಿಕೊಳ್ಳಲು ನಾನು ಬರೆದಿದ್ದ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಆಟಗಾರರನ್ನು ಹೆಸರಿನಿಂದಷ್ಟೇ ಗುರುತಿಸುತ್ತಿತ್ತು. ಅದಕ್ಕಿಂತ ನೋವಾದದ್ದು, ಹಾಗೆಯೇ ಹೆಸರು ಬದಲಿಸಿದ ಕುಂಬಳೆಯ ಹುಡುಗಿಯೊಬ್ಬಳು ‘ಅಣ್ಣಾ, ನನ್ನ ತೋಟದ ಬಾಗಿಲು ನನಗೇ ತೆರೆಯುವುದಿಲ್ಲ’ ಎಂದು ಫೋನು ಮಾಡಿದಾಗ.

2015ರಿಂದ ಈ ಆಟದಲ್ಲಿ ಹೆಸರು ಬದಲಿಸಲು ಅವಕಾಶವಿದೆ. ಆದರೆ ಪ್ರತಿ ಖಾತೆಗೂ ಇರುವ, ಯುಯುಐಡಿ ಎಂಬ 128 ಬಿಟ್‌ಗಳ ಗುರುತು ಎಂದಿಗೂ ಬದಲಾಗುವುದಿಲ್ಲ. ಸರ್ವರಿನಲ್ಲಿ ಆಟಗಾರರ ಮಾಹಿತಿ ಇರುವ ‘ಪ್ಲೇಯರ್‌ಡೇಟಾ’ ಫೋಲ್ಡರಿನ ಕಡತಗಳಿಗೆ ಆ ಗುರುತೇ ಹೆಸರಾಗಿರುವುದನ್ನು ಗಮನಿಸಿದ ಮೇಲೆ, ಒಂದು ಸಂಜೆ ಕುಳಿತು, ಸರ್ವರಿನ ಹಳೆಯ ಲಾಗ್‌ಗಳಲ್ಲಿ (ದಿನಚರಿ ಕಡತಗಳಲ್ಲಿ) ಪ್ರತಿ ಹೆಸರಿನ ಪಕ್ಕದಲ್ಲಿ ದಾಖಲಾಗಿದ್ದ ಯುಯುಐಡಿಯನ್ನು ಹುಡುಕಿ, ನಿಷೇಧದ ಪಟ್ಟಿಯನ್ನೂ ಜಾಗದ ಹಕ್ಕುಗಳನ್ನೂ ಅದರ ಆಧಾರದಲ್ಲಿಯೇ ಮತ್ತೆ ಬರೆದೆ. ಹೆಸರು ಈಗ ಪರದೆಯಲ್ಲಿ ತೋರಿಸುವುದಕ್ಕೆ ಮಾತ್ರ.

ಒಂದು ಎಚ್ಚರಿಕೆ ಅಗತ್ಯ: ಒಳಬರುವವರ ಖಾತೆ ಅಸಲಿಯೇ ಎಂದು ಪರಿಶೀಲಿಸುವ, ಸರ್ವರಿನ ‘ಆನ್‌ಲೈನ್ ಮೋಡ್’ ಚಾಲೂ ಇರಲೇಬೇಕು. ಅದನ್ನು ನಿಲ್ಲಿಸಿದರೆ ಯುಯುಐಡಿಯನ್ನು ಹೆಸರಿನಿಂದಲೇ ಲೆಕ್ಕ ಹಾಕಲಾಗುತ್ತದೆ. ಹೆಸರು ಬದಲಾದೊಡನೆ ಗುರುತೂ ಬದಲಾಗುತ್ತದೆ.