ಎರಡು ಡಿಸ್ಕ್, ಒಂದು ಡೆಬಿಯನ್: ತೋಟದ ಕಂಪ್ಯೂಟರಿಗೆ ರೇಡ್ ಹಾಕಿದ ನನ್ನ ಅನುಭವ

ನಮ್ಮ ತೋಟ ಇರುವುದು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಹತ್ತಿರ. ಕಾಫಿ ಬೆಳೆಯುವವರ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ ಅಲ್ವಾ, ನಮ್ಮಲ್ಲೂ ಇದೆ. ಬೆಳಿಗ್ಗೆ ಎದ್ದು ಮಳೆ ಅಳೆಯುವ ಜಾಡಿಯ ನೀರು ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯಬೇಕು. ನೂರು ಸೆಂಟಿಗೆ ಒಂದು ಇಂಚು. ಅಪ್ಪಯ್ಯ ಇಪ್ಪತ್ತೆಂಟು ವರ್ಷ ಬಿಡದೆ ಬರೆದಿದ್ದಾರೆ. ಪುಸ್ತಕಗಳಿಗೆ ಬೂಷ್ಟು ಹಿಡಿಯತೊಡಗಿದಾಗ ನಾನು ಎರಡು ಮಳೆಗಾಲ ಕೂತು ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದೆ. ಅದೇ ಕಂಪ್ಯೂಟರಿನಲ್ಲಿ ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ಇತ್ತು.

ಒಂದು ಜುಲೈನಲ್ಲಿ ಅದರ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತಿತು. ಪೆನ್‌ಡ್ರೈವಿನಲ್ಲಿ ಇದ್ದ ನಕಲು ಹನ್ನೊಂದು ತಿಂಗಳು ಹಳೆಯದು. "ಈ ಸಲದ ಹೂಮಳೆ ಯಾವ ತಾರೀಕಿಗೆ ಬಂದಿತ್ತು, ನೋಡಿ ಹೇಳು" ಅಂತ ಅಪ್ಪಯ್ಯ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಹಳ ಬೇಜಾರಾಯಿತು. ಇನ್ನು ಮೇಲೆ ಒಂದೇ ಡಿಸ್ಕನ್ನು ನಂಬಿ ಕೂರುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ರೇಡ್ ಎಂಬ ಹೆಸರು ಹೊಸದಲ್ಲ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಬರೆದ ಪ್ರಬಂಧದಿಂದ ಬಂದದ್ದು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕ್‌ಗಳನ್ನು ಒಟ್ಟುಗೂಡಿಸುವುದು ಅವರ ಯೋಚನೆ. ಇದರಲ್ಲಿ ಹಲವು ಬಗೆ ಇವೆ. ರೇಡ್ 0 ಅಂದರೆ ಬರೆಯುವುದನ್ನು ಎರಡು ಡಿಸ್ಕಿಗೂ ಹಂಚುವುದು, ವೇಗ ಜಾಸ್ತಿ, ಆದರೆ ಒಂದು ಹೋದರೆ ಎಲ್ಲವೂ ಹೋಯಿತು. ರೇಡ್ 5ಕ್ಕೆ ಕನಿಷ್ಠ ಮೂರು ಡಿಸ್ಕ್ ಬೇಕು. ರೇಡ್ 1ರಲ್ಲಿ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಹಾಗೇ ಬೀಳುತ್ತದೆ. ಎರಡು ಡಿಸ್ಕ್ ಕೊಂಡು ಒಂದರ ಜಾಗ ಮಾತ್ರ ಸಿಗುತ್ತದೆ, ಆದರೆ ಯಾವುದೇ ಒಂದು ಸತ್ತರೂ ಕೆಲಸ ನಿಲ್ಲುವುದಿಲ್ಲ. ನನಗೆ ಬೇಕಾಗಿದ್ದು ಇದೇ.

ಮದರ್‌ಬೋರ್ಡಿನ ಸೆಟಪ್ಪಿನಲ್ಲೇ ರೇಡ್ ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಮುಟ್ಟಬೇಡಿ. ಮಾಮೂಲಿ ಬೋರ್ಡುಗಳಲ್ಲಿ ಅದು ಪೂರ್ತಿ ಹಾರ್ಡ್‌ವೇರ್ ರೇಡ್ ಅಲ್ಲ, ಬೋರ್ಡ್ ಸುಟ್ಟುಹೋದರೆ ಡಿಸ್ಕ್‌ಗಳನ್ನು ಬೇರೆ ಕಡೆ ಓದಿಸುವುದೂ ತಲೆನೋವು. ನಾನು ಸೆಟಪ್ಪಿನಲ್ಲಿ ಎಎಚ್‌ಸಿಐ (ಡಿಸ್ಕ್‌ಗಳನ್ನು ಬಿಡಿಬಿಡಿಯಾಗಿಯೇ ತೋರಿಸುವ ಆಯ್ಕೆ) ಅಂತ ಇಟ್ಟು, ರೇಡ್ ಕೆಲಸವನ್ನು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೇ ಬಿಟ್ಟೆ. ಲಿನಕ್ಸಿನ ರೇಡ್ ಆದರೆ ಆ ಡಿಸ್ಕನ್ನು ಕಿತ್ತು ಬೇರೆ ಯಾವುದೇ ಲಿನಕ್ಸ್ ಕಂಪ್ಯೂಟರಿಗೆ ಹಾಕಿದರೂ ಓದಬಹುದು.

ಚಿಕ್ಕಮಗಳೂರಿಗೆ ಹೋಗಿ ಒಂದು ಟೆರಾಬೈಟಿನ ಎರಡು ಹಾರ್ಡ್‌ಡಿಸ್ಕ್ ತಂದೆ. ಬೇಕೆಂದೇ ಎರಡು ಬೇರೆ ಕಂಪನಿಯದು ತಂದೆ, ಒಂದೇ ದಿನ ತಯಾರಾದ ಎರಡು ಡಿಸ್ಕ್ ಒಂದೇ ಕಾಲಕ್ಕೆ ಕೈಕೊಡುವುದು ಬೇಡ ಅಂತ. ಅಳತೆ ಚೂರು ಹೆಚ್ಚುಕಮ್ಮಿ ಇದ್ದರೂ ತೊಂದರೆಯಿಲ್ಲ, ಚಿಕ್ಕದರ ಅಳತೆಯೇ ಲೆಕ್ಕಕ್ಕೆ ಬರುತ್ತದೆ. ಎಸ್‌ಎಂಆರ್ ಬಗೆಯ (ಬರೆಯುವ ಗೆರೆಗಳು ಒಂದರ ಮೇಲೊಂದು ಚೂರು ಹೊದ್ದಿರುವ) ಡಿಸ್ಕ್ ಮಾತ್ರ ಬೇಡ ಎಂದೆ, ಅವು ಮರುಜೋಡಣೆ ಹೊತ್ತಿನಲ್ಲಿ ತೀರಾ ನಿಧಾನ. ಪೆಟ್ಟಿಗೆಯೊಳಗೆ ಕೂರಿಸುವ ಮೊದಲು ಎರಡರ ಸೀರಿಯಲ್ ನಂಬರನ್ನೂ ದೊಡ್ಡದಾಗಿ ಬರೆದು ಹೊರಗಿನಿಂದ ಕಾಣುವ ಹಾಗೆ ಅಂಟಿಸಿದೆ. ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಅದಲುಬದಲಾಗಬಹುದು, ಸೀರಿಯಲ್ ನಂಬರ್ ಬದಲಾಗುವುದಿಲ್ಲ. ಮುಂದೆ ಒಂದು ದಿನ ಕೆಟ್ಟದ್ದನ್ನು ಬಿಟ್ಟು ಒಳ್ಳೆಯ ಡಿಸ್ಕನ್ನು ಕಿತ್ತು ಕೂರುವ ಅನಾಹುತ ಈ ಚೀಟಿಯಿಂದ ತಪ್ಪುತ್ತದೆ.

ನಾನು ಹಾಕಿದ್ದು ಲಿನಕ್ಸಿನ ಒಂದು ಬಗೆಯಾದ ಡೆಬಿಯನ್, 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿ. ಪಾರ್ಟಿಷನ್ ಮಾಡುವ ಹಂತ ಬಂದಾಗ ಮ್ಯಾನುಯಲ್ ಆರಿಸಿಕೊಂಡೆ. ಎರಡು ಡಿಸ್ಕಿನಲ್ಲೂ ಒಂದೇ ರೀತಿ ಮೂರು ಭಾಗ ಮಾಡಿದೆ: ಮೊದಲಿಗೆ 512 ಎಂಬಿಯ ಇಎಫ್‌ಐ ಭಾಗ (ಕಂಪ್ಯೂಟರ್ ಏಳುವಾಗ ಮೊದಲು ನೋಡುವ ಜಾಗ), ಆಮೇಲೆ 8 ಜಿಬಿ, ಉಳಿದದ್ದೆಲ್ಲ ಮೂರನೆಯದು. ಎರಡನೆಯದನ್ನೂ ಮೂರನೆಯದನ್ನೂ ಫೈಲ್‌ಸಿಸ್ಟಮ್ ಅನ್ನದೆ ರೇಡಿಗೆ ಬಳಸುವ ಭಾಗ ಎಂದು ಗುರುತು ಮಾಡಬೇಕು. ಆಮೇಲೆ ಸಾಫ್ಟ್‌ವೇರ್ ರೇಡ್ ಸಿದ್ಧಪಡಿಸುವ ಮೆನುಗೆ ಹೋಗಿ, ರೇಡ್ 1, ಕೆಲಸ ಮಾಡುವ ಡಿಸ್ಕ್ ಎರಡು, ಬಿಡಿ ಡಿಸ್ಕ್ ಸೊನ್ನೆ ಎಂದು ಕೊಟ್ಟು ಎರಡು ಜೋಡಿ ಮಾಡಿದೆ. ಚಿಕ್ಕ ಜೋಡಿ ಸ್ವಾಪ್‌ಗೆ, ಅಂದರೆ ಮೆಮೊರಿ ಸಾಲದಾದಾಗ ಬಳಸುವ ಜಾಗಕ್ಕೆ. ದೊಡ್ಡ ಜೋಡಿ ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್ ಮಾಡಿ ರೂಟ್‌ಗೆ, ಅಂದರೆ ಡೆಬಿಯನ್ನೂ ನನ್ನ ಫೈಲ್‌ಗಳೂ ಕೂರುವ ಜಾಗಕ್ಕೆ. ಸ್ವಾಪ್‌ಗೆ ಯಾಕೆ ರೇಡ್ ಎಂದು ಕೆಲವರು ಕೇಳುತ್ತಾರೆ. ಸ್ವಾಪ್ ಇರುವ ಡಿಸ್ಕ್ ಕೆಲಸದ ನಡುವೆ ಸತ್ತರೆ, ಅದರಲ್ಲಿ ಇಟ್ಟಿದ್ದನ್ನು ನಂಬಿಕೊಂಡ ಪ್ರೋಗ್ರಾಂಗಳೂ ಬೀಳುತ್ತವೆ. ಹಾಗಾಗಿ ಬೇಕು.

ಇನ್‌ಸ್ಟಾಲ್ ಮುಗಿಯಿತು, ಡೆಬಿಯನ್ ತೆರೆದುಕೊಂಡಿತು. ಪ್ರೋಕ್ ಫೋಲ್ಡರಿನ ಎಂಡಿಸ್ಟ್ಯಾಟ್ ಎಂಬ ಫೈಲ್ ತೆರೆದರೆ ಜೋಡಿಗಳ ಸ್ಥಿತಿ ಕಾಣುತ್ತದೆ. ಎರಡೂ ಡಿಸ್ಕ್ ಸರಿ ಇದ್ದರೆ ಪಕ್ಕಪಕ್ಕ ಎರಡು ಯು ಅಕ್ಷರ, ಒಂದು ಹೋಗಿದ್ದರೆ ಅದರ ಜಾಗದಲ್ಲಿ ಒಂದು ಅಡಿಗೆರೆ. ಮೊದಲ ಸಲ ಎರಡನ್ನೂ ಸಮ ಮಾಡಿಕೊಳ್ಳಲು ಎರಡೂವರೆ ಗಂಟೆ ಹಿಡಿಯಿತು. ಆ ಹೊತ್ತಿನಲ್ಲೂ ಕಂಪ್ಯೂಟರ್ ಬಳಸಬಹುದು. ಶಟ್‌ಡೌನ್ ಮಾಡಿ ಮತ್ತೆ ಹಾಕಿದರೆ ಬಿಟ್ಟ ಕಡೆಯಿಂದಲೇ ಮುಂದುವರಿಸುತ್ತದೆ.

ಬಹಳ ಜನ ಇಲ್ಲಿಗೆ ಕೆಲಸ ಆಯಿತು ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಆದರೆ ಒಂದು ಡಿಸ್ಕ್ ಸತ್ತಾಗ ನಿಜವಾಗಿ ಏನಾಗುತ್ತದೆ ಅಂತ ನೋಡದೆ ಮನಸ್ಸು ಒಪ್ಪಲಿಲ್ಲ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಮೊದಲ ಡಿಸ್ಕಿನ ಕೇಬಲ್ ತೆಗೆದು ಮತ್ತೆ ಆನ್ ಮಾಡಿದೆ. ಬೂಟ್ ಆಗಲು ಡಿಸ್ಕೇ ಇಲ್ಲ ಎಂದು ಬಂತು.

ಕಾರಣ ಇದು. ಬೂಟ್ ಮಾಡಿಸುವ ಗ್ರಬ್ ಇರುವುದು ಇಎಫ್‌ಐ ಭಾಗದಲ್ಲಿ. ಅದು ಫ್ಯಾಟ್ ಫೈಲ್‌ಸಿಸ್ಟಮ್, ರೇಡಿನ ಹೊರಗೆ ಇರುತ್ತದೆ. ಇನ್‌ಸ್ಟಾಲರ್ ಎರಡು ಡಿಸ್ಕಿನಲ್ಲೂ ಆ ಭಾಗ ಮಾಡಿತ್ತು, ಆದರೆ ಗ್ರಬ್ ಹಾಕಿದ್ದು ಮೊದಲನೆಯದಕ್ಕೆ ಮಾತ್ರ, ಎರಡನೆಯದು ಸುಮ್ನೆ ಖಾಲಿ ಕೂತಿತ್ತು. ನನ್ನ ಮಳೆ ಲೆಕ್ಕ ಎರಡನೇ ಡಿಸ್ಕಿನಲ್ಲಿ ಭದ್ರವಾಗಿ ಇದ್ದರೂ ಬಟವಾಡೆ ದಿನ ಕಂಪ್ಯೂಟರ್ ಏಳುತ್ತಿರಲಿಲ್ಲ. ಕೇಬಲ್ ಮತ್ತೆ ಹಾಕಿ, ಎರಡನೇ ಇಎಫ್‌ಐ ಭಾಗವನ್ನು ಬೇರೆ ಹೆಸರಿನ ಫೋಲ್ಡರಿಗೆ ಮೌಂಟ್ ಮಾಡಿ (ಅಂದರೆ ಆ ಫೋಲ್ಡರಿನಲ್ಲಿ ತೆರೆದುಕೊಳ್ಳುವ ಹಾಗೆ ಜೋಡಿಸಿ), ಮೊದಲನೆಯದರಲ್ಲಿ ಇದ್ದದ್ದನ್ನೆಲ್ಲ ಅದಕ್ಕೆ ನಕಲು ಮಾಡಿದೆ. ಇಎಫ್‌ಐಬೂಟ್‌ಎಂಜಿಆರ್ ಎಂಬ ಕಮಾಂಡಿನಿಂದ ಬೂಟ್ ಪಟ್ಟಿಗೆ ಎರಡನೇ ಡಿಸ್ಕನ್ನೂ ಸೇರಿಸಿದೆ. ಗ್ರಬ್ ಪ್ಯಾಕೇಜ್ ಹೊಸದು ಬಂದಾಗಲೆಲ್ಲ ಈ ನಕಲನ್ನು ಮತ್ತೆ ಮಾಡಬೇಕು. ಲಿನಕ್ಸಿನ ತಿರುಳಾದ ಕರ್ನಲ್‌ನ ಅಪ್‌ಡೇಟ್‌ಗೆ ಬೇಕಿಲ್ಲ, ಅದು ರೇಡಿನ ಒಳಗೇ ಇರುತ್ತದೆ.

ಮತ್ತೆ ಕೇಬಲ್ ಕಿತ್ತೆ. ಈ ಸಲ ಗ್ರಬ್ ಬಂತು, ಡೆಬಿಯನ್ ಶುರುವಾಯಿತು, ಒಂದೂವರೆ ನಿಮಿಷ ಹಾಗೇ ನಿಂತು ಎಮರ್ಜೆನ್ಸಿ ಮೋಡಿಗೆ ಹೋಯಿತು! ಇದು ಎಫ್‌ಎಸ್‌ಟ್ಯಾಬ್ ಫೈಲಿನ ಕೆಲಸ, ಏಳುವಾಗ ಯಾವ ಯಾವ ಭಾಗ ಮೌಂಟ್ ಆಗಬೇಕು ಎಂಬ ಪಟ್ಟಿ ಅದು. ಮೊದಲ ಡಿಸ್ಕಿನ ಇಎಫ್‌ಐ ಭಾಗ ಸಿಕ್ಕಲೇಬೇಕು ಅಂತ ಅಲ್ಲಿ ಬರೆದಿತ್ತು, ಆ ಡಿಸ್ಕೇ ಇಲ್ಲದಿದ್ದರೆ ಎಲ್ಲಿಂದ ಸಿಗಬೇಕು? ಎರಡೂ ಇಎಫ್‌ಐ ಸಾಲುಗಳಿಗೆ ನೋಫೇಲ್ ಎಂದು ಸೇರಿಸಿದೆ. ಅಂದರೆ ಸಿಕ್ಕದಿದ್ದರೆ ಬಿಟ್ಟು ಮುಂದೆ ಹೋಗು ಅಂತ. ಆ ಒಂದು ಪದಕ್ಕಾಗಿ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ, ನೀವು ಕಳೆಯುವುದು ಬೇಡ.

ಇಲ್ಲಿ ಇನ್ನೊಂದು ಎಚ್ಚರ. ಒಂದೇ ಡಿಸ್ಕಿನಲ್ಲಿ ಬೂಟ್ ಆದ ಮೇಲೆ ಆ ಡಿಸ್ಕ್ ಮುಂದೆ ಹೋಗಿರುತ್ತದೆ, ಕಿತ್ತದ್ದು ಹಿಂದೆ ಉಳಿದಿರುತ್ತದೆ. ಕೇಬಲ್ ಹಾಕಿದ ಕೂಡಲೇ ಅದು ತಾನಾಗಿ ಸೇರಿಕೊಳ್ಳುವುದಿಲ್ಲ, ಲಿನಕ್ಸಿನಲ್ಲಿ ರೇಡ್ ನೋಡಿಕೊಳ್ಳುವ ಎಂಡಿಆಡಮ್ ಎಂಬ ಕಮಾಂಡಿನಿಂದ ನಾವೇ ಸೇರಿಸಬೇಕು. ಬಿಟ್‌ಮ್ಯಾಪ್ (ಎಲ್ಲಿ ಬದಲಾಗಿದೆ ಎಂಬ ಗುರುತಿನ ಪಟ್ಟಿ) ಇದ್ದರೆ ಬದಲಾದ ಜಾಗಗಳನ್ನಷ್ಟೇ ನಕಲು ಮಾಡಿಕೊಂಡು ಬೇಗ ಮುಗಿಸುತ್ತದೆ. ಎರಡು ಯು ಕಾಣುವ ತನಕ ಇನ್ನೊಂದು ಡಿಸ್ಕನ್ನು ಕೀಳಲೇಬೇಡಿ. ಅವಸರ ಮಾಡಿ ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ ಬೂಟ್ ಮಾಡಿದರೆ ಎರಡರಲ್ಲೂ ಬೇರೆ ಬೇರೆ ಲೆಕ್ಕ ಕೂತುಬಿಡುತ್ತದೆ.

ನಕಲು ಇಡುವ ಕೆಲಸವನ್ನು ರೇಡ್ ತಪ್ಪಿಸುವುದಿಲ್ಲ. ನಾನು ಒಂದು ಫೈಲ್ ಅಳಿಸಿದರೆ ಅದು ಅದೇ ಕ್ಷಣ ಎರಡು ಡಿಸ್ಕಿನಿಂದಲೂ ಹೋಗುತ್ತದೆ. ಏಪ್ರಿಲ್ ತಿಂಗಳ ಗುಡುಗು ಸಿಡಿಲಿಗೆ ಎರಡೂ ಒಟ್ಟಿಗೆ ಸುಟ್ಟುಹೋಗಬಹುದು. ಯುಪಿಎಸ್ ಇದ್ದರೂ ಮೋಡ ಕಟ್ಟಿದರೆ ಪ್ಲಗ್ ಕಿತ್ತಿಡುತ್ತೇವೆ. ವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡುತ್ತೇನೆ, ತಿಂಗಳಿಗೊಮ್ಮೆ ಇನ್ನೊಂದು ನಕಲು ಹಾಸನದಲ್ಲಿರುವ ಅಕ್ಕನ ಮನೆಗೆ ಹೋಗುತ್ತದೆ. ತಿಂಗಳ ಮೊದಲ ಭಾನುವಾರ ಎರಡು ಡಿಸ್ಕನ್ನೂ ಹೋಲಿಸಿ ನೋಡುವ ಏರ್ಪಾಡು ಡೆಬಿಯನ್‌ನಲ್ಲೇ ಇದೆ, ಆದರೆ ನಮ್ಮದು ಆ ಹೊತ್ತಿನಲ್ಲಿ ಆರಿರಬಹುದು, ಹಾಗಾಗಿ ನಾನೇ ಹಗಲು ಹೊತ್ತು ಓಡಿಸುತ್ತೇನೆ. ಡಿಸ್ಕ್ ಕೆಟ್ಟರೆ ಎಂಡಿಆಡಮ್ ಮೇಲ್ ಕಳಿಸುತ್ತದೆ, ಅದಕ್ಕೆ ಕಂಪ್ಯೂಟರಿನಿಂದ ಮೇಲ್ ಹೊರಗೆ ಹೋಗುವ ವ್ಯವಸ್ಥೆ ಇರಬೇಕು. ನಮ್ಮಲ್ಲಿ ಅದಿಲ್ಲ. ಬದಲಿಗೆ ಲಾಗಿನ್ ಆದ ಕೂಡಲೇ ಎಂಡಿಸ್ಟ್ಯಾಟ್ ತೆರೆಯ ಮೇಲೆ ಬರುವ ಹಾಗೆ ಮಾಡಿದ್ದೇನೆ.

ಹೋದ ಡಿಸೆಂಬರಿನಲ್ಲಿ, ಅರೇಬಿಕಾ ಕೊಯ್ಲಿನ ನಡುವೆ, ಒಂದು ಬೆಳಿಗ್ಗೆ ಅಲ್ಲಿ ಅಡಿಗೆರೆ ಕಂಡಿತು. ಎರಡನೇ ಡಿಸ್ಕ್ ಹೋಗಿತ್ತು. ಕಂಪ್ಯೂಟರ್ ಮಾತ್ರ ಏನೂ ಆಗದ ಹಾಗೆ ಓಡುತ್ತಿತ್ತು, ಅವತ್ತಿನ ಹಾಜರಿಯನ್ನೂ ಏರಿಸಿದೆ. ಮಾರನೇ ದಿನ ಹೊಸ ಡಿಸ್ಕ್ ತಂದು, ಚೀಟಿಯ ಸೀರಿಯಲ್ ನಂಬರ್ ಎರಡು ಸಲ ಓದಿ ಕೆಟ್ಟದ್ದನ್ನು ತೆಗೆದೆ. ಪಾರ್ಟಿಷನ್ ಪಟ್ಟಿಯನ್ನು ಎಸ್‌ಜಿಡಿಸ್ಕ್ ಎಂಬ ಕಮಾಂಡಿನಿಂದ ಹೊಸದಕ್ಕೆ ನಕಲು ಮಾಡಿದೆ. ಅದರ ಆರ್ ಆಯ್ಕೆಯಲ್ಲಿ ಹೊಸ ಡಿಸ್ಕಿನ ಹೆಸರು ಮೊದಲು, ಇರುವ ಡಿಸ್ಕಿನ ಹೆಸರು ಆಮೇಲೆ ಬರೆಯಬೇಕು. ತಿರುಗಿಸಿ ಬರೆದರೆ ಉಳಿದಿರುವ ಒಂದೇ ಡಿಸ್ಕಿನ ಪಟ್ಟಿಯೂ ಅಳಿಸುತ್ತದೆ, ಹಾಗಾಗಿ ಎಂಟರ್ ಒತ್ತುವ ಮೊದಲು ತಂಗಿಯನ್ನು ಕರೆದು ಅವಳಿಂದಲೂ ಓದಿಸಿದೆ. ಆಮೇಲೆ ಹೊಸ ಡಿಸ್ಕಿಗೆ ಬೇರೆ ಗುರುತು ಸಂಖ್ಯೆ ಕೊಟ್ಟು, ಎರಡು ಭಾಗಗಳನ್ನೂ ಅವುಗಳ ಜೋಡಿಗೆ ಸೇರಿಸಿದೆ. ಮತ್ತೆ ಎರಡೂವರೆ ಗಂಟೆ.

ಅದು ಓಡುತ್ತಿರುವಾಗಲೇ ಹೊಸ ಡಿಸ್ಕಿನ ಇಎಫ್‌ಐ ಭಾಗವನ್ನು ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ, ಗ್ರಬ್ ನಕಲು ಮಾಡಿ, ಎಫ್‌ಎಸ್‌ಟ್ಯಾಬಿನಲ್ಲಿ ಆ ಭಾಗದ ಹೊಸ ಯುಯುಐಡಿ (ಗುರುತು ಸಂಖ್ಯೆ) ಬರೆದು, ಬೂಟ್ ಪಟ್ಟಿಗೂ ಸೇರಿಸಿದೆ. ಎರಡು ಯು ಬಂದ ಮೇಲೆ ಆರಿಸಿ, ಮೊದಲಿಂದಲೂ ಇದ್ದ ಡಿಸ್ಕಿನ ಕೇಬಲ್ ಕಿತ್ತು, ಹೊಸದೊಂದರಿಂದಲೇ ಏಳುತ್ತದಾ ಅಂತ ನೋಡಿದೆ. ಎದ್ದಿತು. ಮತ್ತೆ ಕೇಬಲ್ ಹಾಕಿ, ಜೋಡಿಗೆ ಸೇರಿಸಿ, ಶನಿವಾರದ ಬಟವಾಡೆ ಪಟ್ಟಿ ಪ್ರಿಂಟ್ ಕೊಟ್ಟೆ.